ಪೆನ್ ಶೋಗೆ ಹೊರಟ ಅಪ್ಪನ ಪೆನ್ನು

‘ಪೆನ್ನಿಗೂ ಒಂದು ಶೋನಾ? ಡಾಗ್ ಶೋ ಗೊತ್ತು, ಫ್ಲವರ್ ಶೋ ಗೊತ್ತು. ಪೆನ್ನನ್ನೇನು ರ‍್ಯಾಂಪ್ ಮೇಲೆ ನಡೆಸ್ತಾರಾ?’

ಭಾನುವಾರ ಬೆಂಗಳೂರಿಗೆ ಇಂಕು ಪೆನ್ನುಗಳ ಶೋ ನೋಡಲು ಹೋಗುತ್ತೇನೆ ಎಂದಾಗ ನನ್ನ ರೂಮ್‌ಮೇಟ್ ಕೇಳಿದ ಪ್ರಶ್ನೆ ಇದು. ಅವನ ತಪ್ಪಿಲ್ಲ. ನಾವಿಬ್ಬರೂ ಕಂಪ್ಯೂಟರ್ ಸೈನ್ಸ್ ಬಿಇ ಐದನೇ ಸೆಮಿಸ್ಟರ್‌ನಲ್ಲಿದ್ದೇವೆ. ಇಂಟರ್ನಲ್ಸ್ ಬಂದಾಗ ಬಿಟ್ಟರೆ ನಮ್ಮ ಕೈಗೆ ಪೆನ್ನು ಸಿಗುವುದೇ ಅಪರೂಪ. ಆಗಲೂ ಹತ್ತು ರೂಪಾಯಿಯ ಬಾಲ್ ಪೆನ್ನು, ಅದೂ ಪಕ್ಕದ ಬೆಂಚಿನವನದ್ದು!

ಆದರೆ ನನ್ನ ಟೇಬಲ್ ಮೇಲೆ ಒಂದು ವಾರದಿಂದ ಒಂದು ಪಟ್ಟಿ ಅಂಟಿಸಿದೆ. ‘ರೂಲ್ ಇಲ್ಲದ ಹಾಳೆ, ಹಳೆಯ ಹತ್ತಿ ಬಟ್ಟೆ, ಟಿಶ್ಯೂ, ಭೂತಗನ್ನಡಿ, ನೀರಿನ ಬಾಟಲಿ, ಜಿಪ್ ಇರುವ ಪ್ಲಾಸ್ಟಿಕ್ ಕವರ್, ₹2,400.’ ಪಟ್ಟಿಯ ಕೊನೆಯಲ್ಲಿ ಎರಡು ಸಲ ಅಡಿಗೆರೆ ಎಳೆದ ಒಂದು ಸಾಲಿದೆ: ‘ಅಪ್ಪನಿಗೆ ಹೇಳಬೇಕು.’ ಉಳಿದ ಎಲ್ಲಕ್ಕೂ ಟಿಕ್ ಬಿದ್ದಿತ್ತು. ಈ ಒಂದಕ್ಕೆ ಮಾತ್ರ ಗುರುವಾರದವರೆಗೂ ಬಿದ್ದಿರಲಿಲ್ಲ.

ಪತ್ರ ಬರಹಗಾರರ ಮಗ

ನಮ್ಮೂರು ತಿಪಟೂರು. ಅಪ್ಪ ಪತ್ರ ಬರಹಗಾರರು. ಪತ್ರ ಎಂದರೆ ಪ್ರೇಮಪತ್ರ ಅಲ್ಲ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಭೋಗ್ಯಪತ್ರ, ಕೊನೆಗೆ ಮರಣಶಾಸನ. ತೆಂಗಿನ ತೋಟ ಮಾರುವವರು, ಕೊಳ್ಳುವವರು, ಪಾಲಾಗುವ ಅಣ್ಣ ತಮ್ಮಂದಿರು ಎಲ್ಲರೂ ಅಪ್ಪನ ಪುಟ್ಟ ಮೇಜಿನ ಎದುರು ಕುಳಿತು ಹೋದವರೇ. ಛಾಪಾಕಾಗದದ ಮೇಲೆ ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು ಎಂದು ಅಪ್ಪ ಎರಡು ಸಲ ಕೇಳಿ ಒಂದು ಸಲ ಬರೆಯುತ್ತಿದ್ದರಂತೆ. ಒಂದು ದಿಕ್ಕು ತಪ್ಪಿದರೆ ಎರಡು ತಲೆಮಾರು ಕೋರ್ಟಿಗೆ ಅಲೆಯಬೇಕು ಎಂಬುದು ಅವರ ಮಾತು. ಹಳೆಯ ಪತ್ರಗಳ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಬರೆದವರ ಹೆಸರು ಹಾಕುತ್ತಿದ್ದರು. ಇದನ್ನು ಬರೆದ ಕೈ ನನ್ನದು, ಹೆಚ್ಚುಕಮ್ಮಿಯಾದರೆ ನನ್ನನ್ನು ಕೇಳಿ ಎಂಬ ಅರ್ಥ ಅದಕ್ಕೆ.

ಅಷ್ಟೆಲ್ಲ ಬರೆದ ಪೆನ್ನು ಒಂದೇ. ಕಪ್ಪು ಎಬೊನೈಟ್‌ನ ದಪ್ಪ ಪೆನ್ನು. ಅದರ ಮೈ ಮೇಲಿದ್ದ ಹೆಸರು ಬೆರಳು ಉಜ್ಜಿ ಉಜ್ಜಿ ಅಳಿಸಿಹೋಗಿದೆ. ಅದಕ್ಕೆ ಕಾರ್ಟ್ರಿಜ್ ಇಲ್ಲ, ರಬ್ಬರ್ ಟ್ಯೂಬೂ ಇಲ್ಲ. ಮರೆ ಬಿಚ್ಚಿ ಫಿಲ್ಲರ್‌ನಿಂದ ನೇರವಾಗಿ ಹೊಟ್ಟೆಗೆ ಇಂಕು ಹುಯ್ಯಬೇಕು.

ನಾನು ಹುಟ್ಟುವ ಹೊತ್ತಿಗಾಗಲೇ ನೋಂದಣಿ ಕಚೇರಿಗಳಿಗೆ ಕಂಪ್ಯೂಟರ್ ಬಂದಿತ್ತು. ಅಪ್ಪ ಕೈಯಲ್ಲಿ ಕರಡು ಬರೆದುಕೊಡುವುದು, ಪಕ್ಕದ ಡಿಟಿಪಿ ಅಂಗಡಿಯವರು ಅದನ್ನು ಟೈಪ್ ಮಾಡುವುದು ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಕರಡೂ ಕಂಪ್ಯೂಟರ್‌ನಲ್ಲೇ ಸಿದ್ಧ ಇರತೊಡಗಿತು, ಹೆಸರು, ಸರ್ವೆ ನಂಬರ್ ಬದಲಾಯಿಸಿದರೆ ಮುಗಿಯಿತು. 2023ರಲ್ಲಿ ‘ಕಾವೇರಿ 2.0’ ಬಂದ ಮೇಲೆ ಮಾಹಿತಿ ತುಂಬುವ ಕೆಲಸವನ್ನು ಮನೆಯಿಂದಲೇ ಮಾಡಬಹುದು. ಜನರಿಗೆ ಅನುಕೂಲವೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಅಪ್ಪನ ಮೇಜಿನ ಎದುರಿನ ಬೆಂಚು ಮಾತ್ರ ಖಾಲಿಯಾಯಿತು.

ನನಗೆ ಸಿಇಟಿಯಲ್ಲಿ ಸೀಟು ಸಿಕ್ಕಿದ ದಿನ ಅಪ್ಪ ಆ ಪೆನ್ನನ್ನು ನನ್ನ ಕೈಗೆ ಕೊಟ್ಟರು. ಭಾಷಣವೇನೂ ಮಾಡಲಿಲ್ಲ. ‘ನನಗೆ ಈಗ ಅಷ್ಟು ಬರೆಯೋದಿರಲ್ಲ. ಸುಮ್ನೆ ಇಟ್ರೆ ಇಂಕು ಒಣಗುತ್ತೆ. ನೀನಾದ್ರೂ ಬರಿ’ ಅಂದರು.

ಮೂರು ತಪ್ಪುಗಳು

ಬರೆದೆ. ಎರಡು ಸೆಮಿಸ್ಟರ್ ಚೆನ್ನಾಗಿಯೇ ಬರೆದೆ. ಬಾಲ್ ಪೆನ್ನಿನಲ್ಲಿ ಮೂರು ಗಂಟೆ ಪರೀಕ್ಷೆ ಬರೆದರೆ ಹೆಬ್ಬೆರಳು ಸೆಟೆದು ಹೋಗುತ್ತಿತ್ತು. ಇಂಕು ಪೆನ್ನನ್ನು ಒತ್ತುವ ಅಗತ್ಯವಿಲ್ಲದ ಕಾರಣ ಕೈ ಹಗುರಾಗಿತ್ತು.

ಮೂರನೇ ಸೆಮಿಸ್ಟರ್‌ನಲ್ಲಿ ರಾಜ್ಯೋತ್ಸವ ಬಂತು. ಕಾಲೇಜಿನ ಗೋಡೆಪತ್ರಿಕೆಗೆ ಬರೆಯುವ ಕೆಲಸ ನನಗೆ ಬಿತ್ತು. ಅಕ್ಷರ ಗಾಢ ಕಪ್ಪಾಗಿ ಹೊಳೆಯಬೇಕು ಎಂಬ ಹುಮ್ಮಸ್ಸಿನಲ್ಲಿ ಚಿತ್ರ ಬರೆಯುವ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕನ್ನು ಅಪ್ಪನ ಪೆನ್ನಿಗೆ ಹುಯ್ದೆ. ಇದು ಮೊದಲ ತಪ್ಪು. ಗೋಡೆಪತ್ರಿಕೆಯನ್ನು ಎಲ್ಲರೂ ಹೊಗಳಿದರು. ಆ ಖುಷಿಯಲ್ಲಿ ಪೆನ್ನನ್ನು ಹಾಗೇ ಬ್ಯಾಗಿನಲ್ಲಿಟ್ಟು ಮರೆತೆ. ಇಪ್ಪತ್ತು ದಿನ ಬಿಟ್ಟು ತೆಗೆದರೆ ನಿಬ್ಬಿನಿಂದ ಒಂದು ಚುಕ್ಕೆಯೂ ಇಳಿಯಲಿಲ್ಲ.

ಗಾಬರಿಯಲ್ಲಿ ಬಿಸಿನೀರಲ್ಲಿ ಅದ್ದಿದೆ. ಎರಡನೇ ತಪ್ಪು. ಇಂಕು ಕರಗಲಿಲ್ಲ, ಬದಲಿಗೆ ಕಪ್ಪಗೆ ಮಿಂಚುತ್ತಿದ್ದ ಮೈ ಸೆಗಣಿ ಬಣ್ಣಕ್ಕೆ ತಿರುಗಿತು. ನಿಬ್ಬಿನ ಸೀಳಿನಲ್ಲಿ ಏನೋ ಸಿಕ್ಕಿರಬೇಕೆಂದು ಗುಂಡುಪಿನ್ನು ತೂರಿಸಿದೆ. ಮೂರನೇ ತಪ್ಪು. ನಿಬ್ಬಿನ ಒಂದು ಕಾಲು ಇನ್ನೊಂದರ ಮೇಲೆ ಹತ್ತಿ ಕೂತಿತು.

ಅಂದಿನಿಂದ ಪ್ರತಿ ಸಲ ಊರಿಗೆ ಹೋದಾಗ ಅಪ್ಪ ಕೇಳುತ್ತಿದ್ದುದು ಒಂದೇ. ‘ಪೆನ್ನು ಚೆನ್ನಾಗಿ ನಡೀತಿದ್ಯೇನೋ?’ ನಾನು ಹೇಳುತ್ತಿದ್ದುದೂ ಒಂದೇ. ‘ಹ್ಞೂಂ ಅಪ್ಪ.’ ಹತ್ತು ತಿಂಗಳು ಇದೇ ನಡೆಯಿತು.

ಪೆನ್ನಿನ ಹೊಟ್ಟೆಯೊಳಗೆ

ಪೆನ್ ಶೋನಲ್ಲಿ ಹೊಸ ಪೆನ್ನು ಮಾರುವವರು, ಹಳೆಯ ಪೆನ್ನು ಸಂಗ್ರಹಿಸುವವರ ಜೊತೆಗೆ ನಿಬ್ಬು ರಿಪೇರಿ ಮಾಡುವ ಕುಶಲಿಗಳೂ ಬರುತ್ತಾರೆ ಎಂದು ಸೀನಿಯರ್ ಒಬ್ಬರು ಹೇಳಿದಾಗ ನನಗೆ ಹೋದ ಜೀವ ಬಂದಂತಾಯಿತು. ಆದರೆ ಡಾಕ್ಟರ ಹತ್ತಿರ ಹೋಗುವ ಮೊದಲು ರೋಗ ಏನೆಂದಾದರೂ ಗೊತ್ತಿರಬೇಕಲ್ಲ? ಹಾಗೆ ಶುರುವಾಯಿತು ನನ್ನ ಓದು.

ಇಂಕು ಪೆನ್ನು ನೋಡಲು ಸರಳ, ಒಳಗೆ ಪಕ್ಕಾ ಎಂಜಿನಿಯರಿಂಗ್. ನಿಬ್ಬಿನ ಕೆಳಗೆ ನಾಲಿಗೆಯಂತಿರುವ ಭಾಗಕ್ಕೆ ಫೀಡ್ ಎನ್ನುತ್ತಾರೆ. ಅದರಲ್ಲಿ ಕೂದಲೆಳೆಯಂಥ ಕಾಲುವೆಗಳಿವೆ. ಪಿಯುಸಿಯಲ್ಲಿ ಓದಿದ ಕ್ಯಾಪಿಲರಿ ಕ್ರಿಯೆ ನೆನಪಿದೆಯಾ? ಬತ್ತಿಗೆ ಎಣ್ಣೆ ಏರುವಂತೆ ಇಂಕು ಆ ಕಾಲುವೆಯಲ್ಲಿ ಹರಿದು ನಿಬ್ಬಿನ ಸೀಳಿಗೆ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಇಳಿದ ಇಂಕಿನ ಜಾಗಕ್ಕೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಗಾಳಿ ಹೋಗದಿದ್ದರೆ ಪೆನ್ನು ನಿಲ್ಲುತ್ತದೆ, ಹೆಚ್ಚು ಹೋದರೆ ಇಂಕು ಕಕ್ಕುತ್ತದೆ. ಈ ಎರಡರ ಸಮತೋಲನವನ್ನು ಚೆನ್ನಾಗಿ ಸಾಧಿಸಿದ ಫೀಡಿಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದರು. ಇವತ್ತಿನ ಪೆನ್ನುಗಳೂ ಅದೇ ತತ್ವದ ಮೇಲೆ ನಡೆಯುತ್ತಿವೆ.

‘ಇಂಕು ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡಬೇಡ’ ಎಂದು ಅಪ್ಪ ಹೇಳುತ್ತಿದ್ದುದರ ಗುಟ್ಟು ಈಗ ತಿಳಿಯಿತು. ಮೈಯೇ ಇಂಕಿನ ಡಬ್ಬಿಯಾಗಿರುವ ಪೆನ್ನಿನಲ್ಲಿ ಇಂಕು ಕಡಿಮೆಯಾದಷ್ಟೂ ಗಾಳಿ ಹೆಚ್ಚು. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಛಾಪಾಕಾಗದದ ಮೇಲೆ ಒಂದು ದೊಡ್ಡ ಹನಿ ಬಿದ್ದರೆ ಆ ಹಾಳೆಯ ಕಥೆ ಮುಗಿದಂತೆ. ಫಿಸಿಕ್ಸ್ ಓದದ ಅಪ್ಪ ಅನುಭವದಿಂದ ಕಂಡುಕೊಂಡಿದ್ದರು.

ಇನ್ನು ನನ್ನ ತಪ್ಪುಗಳು. ಇಂಕು ಪೆನ್ನಿನ ಸಾಮಾನ್ಯ ಇಂಕು ನೀರಿನಲ್ಲಿ ಕರಗಿದ ಬಣ್ಣ. ಒಣಗಿದರೂ ನೀರು ಹಾಕಿದರೆ ಬಿಟ್ಟುಕೊಳ್ಳುತ್ತದೆ. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕಿನಲ್ಲಿ ಮಸಿಯ ಕಣಗಳ ಜೊತೆ ಅರಗಿನಂಥ ಅಂಟು ಸೇರಿರುತ್ತದೆ. ಒಣಗಿತೆಂದರೆ ನೀರಿಗೆ ಜಗ್ಗುವುದಿಲ್ಲ. ಕೂದಲೆಳೆಯಂಥ ಕಾಲುವೆಗೆ ನಾನು ಹುಯ್ದದ್ದು ಹೆಚ್ಚುಕಡಿಮೆ ವಾರ್ನಿಷ್! ಎಬೊನೈಟ್ ಎಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿನೀರು, ಬಿಸಿಲು ತಾಗಿದರೆ ಅದರ ಬಣ್ಣ ಕೆಡುತ್ತದೆ. ಕಾಲು ತಿರುಚಿದ ನಿಬ್ಬು ಮಾತ್ರ ಸರಿಯಾಗುವ ಸಾಧ್ಯತೆ ಇದೆ. ಭೂತಗನ್ನಡಿಯಲ್ಲಿ ನೋಡಿದೆ, ತುದಿಯ ಗಟ್ಟಿಲೋಹದ ಗುಂಡು ಇನ್ನೂ ಇದೆ. ಅದು ಉದುರಿದ್ದರೆ ನಿಬ್ಬು ಮುಗಿದಂತೆಯೇ.

ಹಾಗಾಗಿ ಈ ವಾರ ನಾನು ಮಾಡಿದ್ದು ಇಷ್ಟೇ. ತಣ್ಣೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ನಿಬ್ಬಿನ ಭಾಗವನ್ನಷ್ಟೇ ಅದ್ದಿಟ್ಟು, ದಿನಾ ನೀರು ಬದಲಿಸಿದೆ. ಒಂದಿಷ್ಟು ಕಪ್ಪು ಚೂರುಗಳು ಬಿಟ್ಟವು. ಸ್ಪಿರಿಟ್‌ನಲ್ಲಿ ಅರಗು ಕರಗುತ್ತದೆ ಎಂದು ಗೊತ್ತಾದರೂ ಮುಟ್ಟಲಿಲ್ಲ. ಕೆಲವು ಪೆನ್ನುಗಳ ಮೈಯನ್ನು ಅದು ತಿಂದುಬಿಡುತ್ತದೆ. ನಾಲ್ಕನೇ ತಪ್ಪು ಮಾಡುವ ಧೈರ್ಯ ನನಗಿರಲಿಲ್ಲ.

ಶೋಗೆ ಹೋಗುವ ಮುನ್ನ

ಮೊದಲ ಸಲ ಹೋಗುವವರಿಗಾಗಿ ನಾನು ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಪೆನ್ನು ಬೇಡದವರೂ ಓದಿಕೊಳ್ಳಿ, ಸಂದರ್ಶನಕ್ಕೆ ಹೋಗುವ ಶಿಸ್ತೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಮೇಜಿನ ಮೇಲಿನ ಪೆನ್ನನ್ನು ಕೇಳದೆ ಮುಟ್ಟಬಾರದು. ಮರೆ ತಿರುಗಿಸಿ ಬಿಚ್ಚುವುದೋ, ಎಳೆದು ತೆಗೆಯುವುದೋ ಅವರನ್ನೇ ಕೇಳಬೇಕು. ಬರೆಯಲು ಕೊಟ್ಟರೆ ನಿಬ್ಬನ್ನು ಒತ್ತಬಾರದು, ಅದರ ಭಾರದಲ್ಲೇ ಅದು ಬರೆಯಬೇಕು. ಕೆಲವು ಪೆನ್ನುಗಳ ಬೆಲೆ ನಮ್ಮ ಲ್ಯಾಪ್‌ಟಾಪಿಗಿಂತ ಹೆಚ್ಚು. ಕಾಗದ ನಮ್ಮದೇ ಇದ್ದರೆ ಒಳ್ಳೆಯದು. ನುಣುಪಾದ ದುಬಾರಿ ಕಾಗದದ ಮೇಲೆ ಎಲ್ಲ ಪೆನ್ನೂ ಚೆಂದವೇ. ನಾವು ದಿನಾ ಬರೆಯುವ ನೋಟ್‌ಬುಕ್ಕಿನ ಹಾಳೆಯಲ್ಲಿ ಇಂಕು ಹರಡುತ್ತದೋ, ಹಿಂದಕ್ಕೆ ಮೂಡುತ್ತದೋ ನೋಡಬೇಕು. ರಿಪೇರಿ ಇದ್ದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಹೆಸರು ಬರೆಸಬೇಕು. ನಿಬ್ಬಿನ ಕೆಲಸ ಒಂದೊಂದಕ್ಕೂ ಹೊತ್ತು ಹಿಡಿಯುತ್ತದೆ.

ಕನ್ನಡ ಬರೆಯುವವರು ಕನ್ನಡವನ್ನೇ ಬರೆದು ನೋಡಬೇಕು. ಇಂಗ್ಲಿಷ್‌ನಲ್ಲಿ ಸಹಿ ಹಾಕಿ ಪೆನ್ನು ಆರಿಸಿದರೆ ಮೋಸ ಹೋಗುತ್ತೇವೆ. ನಮ್ಮ ಅಕ್ಷರಗಳು ಗುಂಡು, ನಿಬ್ಬು ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗಬೇಕು. ನಿಬ್ಬು ದಪ್ಪವಾದರೆ ಒತ್ತಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ‘ಸ್ತ್ರೀ’, ‘ಕೃಷ್ಣ’, ‘ಜ್ಞಾನ’ ಈ ಮೂರನ್ನು ಚಿಕ್ಕದಾಗಿ ಬರೆದರೆ ಪೆನ್ನಿನ ಬಂಡವಾಳ ಗೊತ್ತಾಗುತ್ತದೆ.

ಬಜೆಟ್ಟನ್ನು ಮನೆಯಲ್ಲೇ ಬರೆದುಕೊಂಡು ಹೋಗಬೇಕು. ಹತ್ತನೇ ತರಗತಿಯ ಹುಡುಗನೊಬ್ಬನಿಗೆ ಗಣಿತ ಹೇಳಿಕೊಟ್ಟು ಉಳಿಸಿದ ₹2,400 ನನ್ನದು. ರಿಪೇರಿಗೆ ₹1,200, ಓಡಾಟ ಊಟಕ್ಕೆ ₹400, ಒಂದು ಬಾಟಲಿ ಇಂಕಿಗೆ ₹300. ಉಳಿದ ₹500 ಚಪಲಕ್ಕೆ. ಚಪಲಕ್ಕೆಂದು ಜಾಗ ಇಡದ ಬಜೆಟ್ ಮೊದಲ ಮೇಜಿನಲ್ಲೇ ಮುರಿದು ಬೀಳುತ್ತದೆ ಎಂದು ಸೀನಿಯರ್ ಎಚ್ಚರಿಸಿದ್ದಾರೆ.

ನಮ್ಮ ದೇಶದ ಪೆನ್ನುಗಳ ಕಥೆ ಓದಿಕೊಂಡಿದ್ದೂ ಈ ತಯಾರಿಯ ಲಾಭವೇ. ಸ್ವದೇಶಿ ಚಳವಳಿಯ ಕಾಲದಲ್ಲಿ ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ.ವಿ. ರತ್ನಂ ಗಾಂಧೀಜಿಯ ಮಾತಿನಿಂದ ಪ್ರೇರಿತರಾಗಿ ಪೆನ್ನು ಮಾಡಲು ಹೊರಟರು. ಅವರು ಮಾಡಿದ ಪೆನ್ನನ್ನು ಬಳಸಿ ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರ ಬರೆದರು. ಬಂಗಾಳದಲ್ಲಿ 1934ರಲ್ಲಿ ಹುಟ್ಟಿದ ‘ಸುಲೇಖಾ’ ಇಂಕು ಕೂಡ ಅದೇ ಸ್ವದೇಶಿ ಹುರುಪಿನ ಕೂಸು. ನಡುವೆ ನಿಂತುಹೋಗಿದ್ದ ಅದು ಮತ್ತೆ ಬಾಟಲಿಗಳಲ್ಲಿ ಬರುತ್ತಿದೆ. ಎಬೊನೈಟ್ ಕೋಲನ್ನು ಲೇಥ್‌ಗೆ ಕಟ್ಟಿ ಕೈಯಲ್ಲೇ ಕಡೆದು ಪೆನ್ನು ಮಾಡುವವರು ಆಂಧ್ರದಲ್ಲೂ ತಮಿಳುನಾಡಿನಲ್ಲೂ ಇಂದಿಗೂ ಇದ್ದಾರೆ. ಅವರ ಪೆನ್ನುಗಳಿಗೆ ವಿದೇಶದಲ್ಲೂ ಗಿರಾಕಿಗಳಿದ್ದಾರೆ. ಕೈಕಸುಬು ಉಳಿಯಲು ಒಂದು ದಾರಿ ಇದೂ ಇರಬಹುದು: ಅಗತ್ಯವಾಗಿದ್ದದ್ದು ಹವ್ಯಾಸವಾಗುವುದು. ಆದರೆ ಪೆನ್ನು ಮಾಡುವವರಿಗೆ ಸಿಕ್ಕ ಆ ದಾರಿ, ಪೆನ್ನಿನಿಂದ ಬರೆದು ಬದುಕಿದ ಅಪ್ಪನಂಥವರಿಗೆ ಸಿಗಲಿಲ್ಲ.

ಆ ಫೋನು

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಈ ಸೆಮಿಸ್ಟರ್‌ನ ನನ್ನ ಮಿನಿ ಪ್ರಾಜೆಕ್ಟ್, ಬಾಡಿಗೆ ಕರಾರು ಪತ್ರವನ್ನು ತಾನಾಗಿಯೇ ತಯಾರಿಸುವ ಒಂದು ಪ್ರೋಗ್ರಾಂ. ಹೆಸರು, ವಿಳಾಸ, ಬಾಡಿಗೆ ತುಂಬಿದರೆ ಎರಡು ಸೆಕೆಂಡಿನಲ್ಲಿ ಪತ್ರ ಸಿದ್ಧ. ಸುಲಭವೆಂದು ಆರಿಸಿಕೊಂಡಿದ್ದೆ. ಅಪ್ಪನ ಕೆಲಸವನ್ನೇ ಕಸಿಯುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ ಎಂದು ಹೊಳೆಯಲು ನನಗೆ ಎರಡು ವಾರ ಬೇಕಾಯಿತು.

ಹೋದ ತಿಂಗಳು ಊರಿಗೆ ಹೋದಾಗ ಅದರ ಪ್ರಿಂಟನ್ನು ಅಪ್ಪನಿಗೆ ತೋರಿಸಿದೆ. ಮುಖ ಸಿಂಡರಿಸುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಓದಿದರು. ಬಾಲ್ ಪೆನ್ನು ತೆಗೆದು ಆರು ಕಡೆ ಗುರುತು ಹಾಕಿದರು. ‘ಮೊತ್ತಾನ ಅಂಕೀಲಿ ಬರೆದಿದ್ದೀಯ, ಅಕ್ಷರದಲ್ಲೆಲ್ಲಿ? ಒಂದು ಸೊನ್ನೆ ಸೇರಿಸಿದ್ರೆ ಏನ್ಮಾಡ್ತೀಯ? ಮುಂಗಡ ಯಾವಾಗ ವಾಪಸ್ ಕೊಡಬೇಕು ಅಂತಾನೇ ಬರೆದಿಲ್ವಲ್ಲೋ. ಜಗಳ ಬರೋದೇ ಅಲ್ಲಿ’ ಅಂದರು. ಆರನ್ನೂ ಸರಿಪಡಿಸಿದೆ. ನಮ್ಮ ಗೈಡ್ ಮೆಚ್ಚಿಕೊಂಡಿದ್ದು ಆ ಆರನ್ನೇ.

ಅಷ್ಟು ನೇರವಾಗಿ ನನ್ನ ತಪ್ಪು ತಿದ್ದಿದ ಮನುಷ್ಯನಿಗೆ ನಾನು ಹತ್ತು ತಿಂಗಳಿಂದ ಸುಳ್ಳು ಹೇಳುತ್ತಿದ್ದೆ. ಪೆನ್ನನ್ನು ರಿಪೇರಿ ಮಾಡಿಸಿ, ಏನೂ ಆಗದವನಂತೆ ಇದ್ದುಬಿಡಬಹುದಿತ್ತು. ಆದರೆ ಆ ಸೆಗಣಿ ಬಣ್ಣವನ್ನು ಎಲ್ಲಿ ಬಚ್ಚಿಡಲಿ? ಗುರುವಾರ ರಾತ್ರಿ ಹಾಸ್ಟೆಲ್ ಟೆರೇಸ್‌ಗೆ ಹೋಗಿ ಫೋನ್ ಮಾಡಿ ಎಲ್ಲ ಹೇಳಿದೆ. ಡ್ರಾಯಿಂಗ್ ಇಂಕು, ಬಿಸಿನೀರು, ಗುಂಡುಪಿನ್ನು, ಒಂದನ್ನೂ ಬಿಡಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ನಿಬ್ಬು ಮುರಿದಿದ್ಯಾ, ಸೊಟ್ಟ ಆಗಿದ್ಯಾ?’ ಎಂದರು.

‘ಸೊಟ್ಟ.’

‘ಅದು ಆ ಪೆನ್ನಿಗೆ ಮೂರನೇ ನಿಬ್ಬು ಕಣೋ. ಮೊದಲನೇದನ್ನ ಮುರಿದೋನು ನಾನೇ. ಒಬ್ಬರು ಪತ್ರ ಬರೆಸ್ತಾ ಬರೆಸ್ತಾ ಅಣ್ಣ ತಮ್ಮ ಹೊಡೆದಾಟಕ್ಕೆ ನಿಂತ್ರು, ಬಿಡಿಸೋಕೆ ಹೋಗಿ ಪೆನ್ನು ಕೆಳಗೆ ಬಿತ್ತು. ಬರೆಯೋ ಪೆನ್ನು ಕೆಡುತ್ತೆ. ರಿಪೇರಿ ಮಾಡಿಸ್ಕೋಬೇಕು, ಅಷ್ಟೇ.’ ಒಂದು ಕ್ಷಣ ಬಿಟ್ಟು, ‘ಅದನ್ನ ಅವತ್ತೇ ಹೇಳಿದ್ರೆ ಅವತ್ತೇ ಆಗ್ತಿತ್ತು’ ಎಂದರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಪ್ಪನೇ ಮಾತು ಮುಂದುವರಿಸಿದರು. ಶೋ ಎಲ್ಲಿ, ಎಷ್ಟು ಹೊತ್ತಿಗೆ, ಟಿಕೆಟ್ ಎಷ್ಟು ಎಂದೆಲ್ಲ ಕೇಳಿ, ಕೊನೆಗೆ ಒಂದು ಪ್ರಶ್ನೆ ಕೇಳಿದರು. ‘ಅಲ್ಲಿಗೆ ಬರೆಯೋರು ಬರ್ತಾರಾ, ಬರೀ ಕೊಳ್ಳೋರಾ?’

‘ಗೊತ್ತಿಲ್ಲಪ್ಪ. ನೀವೂ ಬರ್ತೀರಾ?’

‘ಭಾನುವಾರ ನನಗೇನು ಕೆಲಸ? ಬರ್ತೀನಿ. ಮನೇಲಿ ಹಳೇ ಲೆಡ್ಜರ್ ಕಾಗದ ಇದೆ, ಇಂಕು ಹರಡಲ್ಲ. ತರ್ತೀನಿ. ನೀನು ಇಂಕು ಕೊಂಡ್ರೆ ಬಣ್ಣದ್ದು ಗಿಣ್ಣದ್ದು ಬೇಡ, ಪರ್ಮನೆಂಟ್ ಬ್ಲೂ ಬ್ಲ್ಯಾಕ್ ನೋಡು.’

ಇದನ್ನು ಬರೆಯುತ್ತಿರುವುದು ಶನಿವಾರ ರಾತ್ರಿ. ಪೆನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಕವರಿನಲ್ಲಿ ಮಲಗಿದೆ. ಬೆಳಿಗ್ಗೆ ಅಪ್ಪ ತಿಪಟೂರಿನಲ್ಲಿ ರೈಲು ಹತ್ತುತ್ತಾರೆ, ನಾನು ತುಮಕೂರಿನಲ್ಲಿ ಅದೇ ಬೋಗಿ ಹುಡುಕಿ ಹತ್ತಬೇಕು. ನಿಬ್ಬು ಸರಿಹೋಗುತ್ತದೋ ಇಲ್ಲವೋ ಹೇಳಲಾರೆ. ಸರಿಹೋಗದಿದ್ದರೆ ನಾಲ್ಕನೆಯದನ್ನು ಹಾಕಿಸುವುದು ಎಂದು ಅಪ್ಪ ಆಗಲೇ ತೀರ್ಮಾನಿಸಿದ್ದಾರೆ. ಬರೆದು ನೋಡಲು ಸಾಲು ಕೂಡ ಅವರೇ ಆರಿಸಿಟ್ಟಿದ್ದಾರೆ: ನಮ್ಮ ಮನೆಯ ಚಕ್ಕುಬಂದಿ, ನಾಲ್ಕು ದಿಕ್ಕೂ.

ಬಜೆಟ್ಟಿನಲ್ಲಿ ಒಂದು ತಿದ್ದುಪಡಿ ಮಾಡಿದ್ದೇನೆ. ಚಪಲದ ₹500ನ್ನು ಹೊಡೆದು ಹಾಕಿ, ಅಲ್ಲಿ ‘ಅಪ್ಪನ ಊಟ, ಕಾಫಿ’ ಎಂದು ಬರೆದಿದ್ದೇನೆ. ಪಟ್ಟಿಯ ಕೊನೆಯ ಸಾಲಿಗೂ ಟಿಕ್ ಬಿದ್ದಿದೆ.